ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಹೋರಿ

ನನ್ನ ಬಲಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಒಂದು ಹಳ್ಳಿಕಾರ್ ಹೋರಿಯ ಮುಖವಿದೆ. ಕೊಂಬು ಮೊಣಕೈ ಕಡೆ, ಮೂತಿ ಮಣಿಕಟ್ಟಿನ ಕಡೆ. ನಂದಗುಡಿ ಪಕ್ಕದ ನಮ್ಮ ತವರುಮನೆಯಲ್ಲಿ ನಾನು ಕಾಲೇಜು ಮುಗಿಸುವವರೆಗೂ ಇದ್ದ ಹೋರಿ ಅದು. ಅಪ್ಪ ಟ್ರ್ಯಾಕ್ಟರ್ ತಂದ ವರ್ಷ ಅದನ್ನೂ ಅದರ ಜೋಡಿಯನ್ನೂ ಚಿಂತಾಮಣಿ ಕಡೆಯವರೊಬ್ಬರಿಗೆ ಮಾರಿದರು. ಕೊಂಡವರು ಒಳ್ಳೆಯ ಜನ, ದನಗಳನ್ನು ಮಕ್ಕಳ ಹಾಗೆ ನೋಡಿಕೊಳ್ಳುವವರು. ಅಳುವಂಥದ್ದೇನೂ ಇರಲಿಲ್ಲ. ಆದರೂ ಕೊಟ್ಟಿಗೆ ಖಾಲಿಯಾದ ವಾರವೇ ನಾನು ಹೊಸಕೋಟೆಗೆ ಹೋಗಿ, ಮೊಬೈಲ್ ರಿಪೇರಿ ಅಂಗಡಿಯ ಮೇಲಿದ್ದ ಟ್ಯಾಟೂ ಅಂಗಡಿಯ ಮೆಟ್ಟಿಲು ಹತ್ತಿದೆ.

ಫೋನಿನಲ್ಲಿ ಹೋರಿಯ ಫೋಟೊಗಳು ಬೇಕಾದಷ್ಟಿದ್ದವು. ಮುಖ ಚೆನ್ನಾಗಿ ಕಾಣುತ್ತಿದ್ದದ್ದು ಮಾತ್ರ ಒಂದರಲ್ಲಿ. ಅದರಲ್ಲಿ ಅದು ನಾಲಿಗೆ ಹೊರಚಾಚಿ ಮೂಗಿನ ಹೊಳ್ಳೆ ನೆಕ್ಕಿಕೊಳ್ಳುತ್ತಿತ್ತು. ನಾಲಿಗೆ ಬಿಟ್ಟು ಉಳಿದದ್ದು ಬರೆಯಿರಿ ಎಂದು ಹೇಳುವುದು ನನಗೆ ಹೊಳೆಯಲೇ ಇಲ್ಲ. ಸೂಜಿಯ ಉರಿಗೆ ಕಣ್ಣು ಮುಚ್ಚಿ ಕೂತವಳು ಕೊನೆಗೆ ತೆರೆದು ನೋಡಿದರೆ, ನಾಲಿಗೆ ಸಮೇತ ಹೋರಿ ನನ್ನನ್ನೇ ನೋಡುತ್ತಿತ್ತು. ಟ್ಯಾಟೂ ಹಾಕಿದಾತ ಬಹಳ ಹೆಮ್ಮೆಯಿಂದ, ಫೋಟೊದಲ್ಲಿ ಇದ್ದ ಹಾಗೇ ಬಂದಿದೆ ನೋಡಿ ಎಂದ. ಅದಂತೂ ನಿಜ.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟಾದದ್ದು ಅಜ್ಜಿ. ಅಜ್ಜಿಯ ಎರಡೂ ಮುಂಗೈ ತುಂಬ ಹಚ್ಚೆ ಇತ್ತು. ಬಳ್ಳಿ, ತೊಟ್ಟಿಲು, ಸಾಲುಚುಕ್ಕಿ, ಎಲ್ಲ ಹಸಿರು ತಿರುಗಿ ಚರ್ಮದೊಳಗೆ ಮಾಸಿಹೋಗಿದ್ದವು. ನಿನ್ನ ಕೈ ಮೇಲೂ ಇದೆಯಲ್ಲ ಎಂದು ನಾನು ವಾದಿಸಿದರೆ, ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂದುಬಿಟ್ಟಳು. ತನಗೆ ಹಚ್ಚೆ ಹುಯ್ಯಿಸಿದ್ದು ಹಿರಿಯರು, ತಾನು ಕೇಳಿಕೊಂಡಿದ್ದಲ್ಲ. ಜೊತೆಗೆ ಯಾವ ಕಾಲದಲ್ಲೂ ಯಾವ ಹೆಂಗಸೂ ದನದ ಮೂತಿ ಹುಯ್ಯಿಸಿಕೊಂಡಿಲ್ಲ, ಅದರಲ್ಲೂ ನಾಲಿಗೆ ಚಾಚಿದ್ದು. ಅಮ್ಮ ಅಜ್ಜಿಯ ಪಕ್ಷ. ಅಪ್ಪ ಮಾತ್ರ ಬೈಯಲಿಲ್ಲ. ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿ, ಎಡಗೊಂಬು ಸ್ವಲ್ಪ ಹೆಚ್ಚು ಬಾಗಿದೆ ಎಂದಷ್ಟೇ ಹೇಳಿ ಎದ್ದುಹೋದರು.

ಮುಂದೆ ನನ್ನನ್ನು ಆವತಿ ಹತ್ತಿರದ ಮನೆಗೆ ಕೊಟ್ಟರು. ಗಂಡ ಹೂವಿನ ಸಸಿಗಳ ನರ್ಸರಿಯೊಂದರಲ್ಲಿ ಸಂಬಳದ ಕೆಲಸದಲ್ಲಿದ್ದಾನೆ. ಮಾವ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾರೆ. ಅತ್ತೆ ನನ್ನ ಕೈ ಬಗ್ಗೆ ಒಂದು ಮಾತೂ ಆಡಲಿಲ್ಲ. ಮದುವೆಯಾದ ಹೊಸದರಲ್ಲಿ ದೇವನಹಳ್ಳಿಯ ಟೈಲರ್ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ, ಇದ್ದಬದ್ದ ಸೀರೆಗಳಿಗೆಲ್ಲ ತುಂಬುತೋಳಿನ ರವಿಕೆ ಹೊಲಿಸಿಕೊಟ್ಟರು. ಚಳಿಗೆ ಒಳ್ಳೆಯದು ಎಂದರು. ಆಗ ಏಪ್ರಿಲ್ ತಿಂಗಳು.

ಮಗಳು ಅಂಗನವಾಡಿಗೆ ಹೋಗತೊಡಗಿದ ಮೇಲೆ ನಾನು ಕೆಲಸ ಹುಡುಕಲು ಹೊರಟೆ. ಬಿಕಾಂ ಓದಿದ್ದೆ, ಕಂಪ್ಯೂಟರ್ ಬರುತ್ತಿತ್ತು, ಜನರ ಜೊತೆ ಮಾತಾಡುವುದು ಇಷ್ಟ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಕೆಲಸಕ್ಕೇನು ಕೊರತೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಮೊದಲು ಒಂದು ಖಾಸಗಿ ಶಾಲೆಯ ಆಫೀಸಿಗೆ ಹೋದೆ. ಎಲ್ಲ ಚೆನ್ನಾಗಿ ನಡೆಯಿತು, ನಾನು ನೀರಿನ ಲೋಟಕ್ಕೆ ಕೈ ಚಾಚುವವರೆಗೂ. ರವಿಕೆಯ ತೋಳು ಸ್ವಲ್ಪ ಮೇಲೆ ಸರಿದು ಹೋರಿಯ ಮೂತಿ ಹೊರಗೆ ಬಂತು. ಎದುರಿಗಿದ್ದವರು ಅದನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಲಿಲ್ಲ. ಮಕ್ಕಳು ಎಲ್ಲವನ್ನೂ ಅನುಕರಿಸುತ್ತಾರೆ ನೋಡಿ ಎಂದು ಯಾರಿಗೋ ಹೇಳಿದಂತೆ ಹೇಳಿ, ತಿಳಿಸುತ್ತೇವೆ ಎಂದು ಕಳಿಸಿದರು. ಹೆದ್ದಾರಿಯ ಒಂದು ಹೋಟೆಲಿನಲ್ಲಿ ನಗುನಗುತ್ತಾ ಇನ್ನೂ ಚೆನ್ನಾಗಿ ಹೇಳಿದರು. ನಮ್ಮ ಅತಿಥಿಗಳಿಗೆ ಬೇರೆ ಥರ ಅಭಿಪ್ರಾಯ ಬರಬಹುದು, ಮೇಡಂ.

ಹಲ್ಲಿನ ಡಾಕ್ಟರೊಬ್ಬರಿಗೆ ನಾನು ಹಿಡಿಸಿದ್ದೆ. ಅವರು ಸಂಕೋಚದಿಂದ, ಇದನ್ನು ತೆಗೆಸಲು ಆಗುವುದಿಲ್ಲವೇ ಎಂದು ಕೇಳಿ, ತಮ್ಮ ಪರಿಚಯದ ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಆಕೆ ಲೈಟ್ ಹಾಕಿ ನೋಡಿ, ಲೇಸರ್‌ನಲ್ಲಿ ಹೋಗುತ್ತದೆ, ಆದರೆ ತೆಳುಗೆರೆ ಮೊದಲು ಹೋಗುತ್ತದೆ, ಬಣ್ಣ ಗಟ್ಟಿಯಾಗಿ ತುಂಬಿರುವ ಜಾಗ ಕೊನೆಗೆ ಹೋಗುತ್ತದೆ, ಕೆಲವು ಸಲ ಪೂರ್ತಿ ಹೋಗುವುದೂ ಇಲ್ಲ ಎಂದು ವಿವರಿಸಿದರು. ನನ್ನ ಕೈಯಲ್ಲಿ ಬಣ್ಣ ಗಟ್ಟಿಯಾಗಿ ತುಂಬಿದ್ದದ್ದು ನಾಲಿಗೆಗೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ತಿನ್ನುತ್ತಿದ್ದ ಮುದ್ದೆ ಗಂಟಲಿಗೆ ಸಿಕ್ಕುವಷ್ಟು ನಕ್ಕ. "ಹೋರಿ ಇದ್ರೆ ಇರ್ಲಿ ಬಿಡು. ಬರೀ ನಾಲಿಗೆ ಇಟ್ಕೊಂಡು ಏನ್ಮಾಡ್ತೀಯ?" ಎಂದ.

ತೆಗೆಸುವುದು ಬೇಡವೆಂದಾದ ಮೇಲೆ ಮುಚ್ಚುವುದನ್ನು ಕಲಿತೆ. ಮದುಮಗಳಿಗೆ ಅಲಂಕಾರ ಮಾಡುವ ನನ್ನ ಚಿಕ್ಕಮ್ಮನ ಮಗಳು ಹೇಳಿಕೊಟ್ಟಳು. ಮೊದಲು ಕಿತ್ತಳೆ ಬಣ್ಣದ ಲಿಪ್‌ಸ್ಟಿಕ್ ಸವರಬೇಕು, ಅದು ಹಚ್ಚೆಯ ನೀಲಿಯನ್ನು ನುಂಗುತ್ತದೆ. ಅದರ ಮೇಲೆ ಮೈಬಣ್ಣದ ಕ್ರೀಮು, ಅದರ ಮೇಲೆ ಪೌಡರು, ಒಣಗಿದ ಮೇಲೆ ಇನ್ನೊಂದು ಸಲ ಎರಡೂ. ಹೀಗೆ ಬಳಿದುಕೊಂಡು ಹೋಗಿ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ ಗಿಟ್ಟಿಸಿಯೂ ಬಿಟ್ಟೆ. ದಿನವೂ ಬೆಳಗಾದರೆ ಮಗಳ ಜಡೆ, ಗಂಡನ ಡಬ್ಬಿ, ನನ್ನ ಕೈಗೆ ಸುಣ್ಣಬಣ್ಣ. ಅಲ್ಲಿದ್ದ ಪೊಟ್ಟಣಗಳಿಗೆಲ್ಲ ನನ್ನ ಕೈಬಣ್ಣ ಅಂಟುತ್ತಿತ್ತು. ಕೊನೆಗೆ ಚರ್ಮವೆಲ್ಲ ಕೆಂಪಗೆ ಎದ್ದು ತುರಿಕೆ ಹತ್ತಿತು. ಕೆಲಸ ಬಿಟ್ಟೆ. ಆ ಬಣ್ಣದ ಡಬ್ಬಿಗಳು ಮಾತ್ರ ನನ್ನ ಬ್ಯಾಗಿನಲ್ಲೇ ಉಳಿದವು.

ದೊಡ್ಡಬಳ್ಳಾಪುರ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ, ಅಲ್ಲಿ ಬುಕಿಂಗ್ ನೋಡಿಕೊಂಡು ಬಂದವರನ್ನು ಮಾತಾಡಿಸಲು ಒಬ್ಬರು ಬೇಕಂತೆ ಎಂದು ಮಾವ ಸುದ್ದಿ ತಂದರು. ಮಂಟಪದ ಒಡತಿ ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಇಡೀ ವ್ಯವಹಾರವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಮುಂಬಾಗಿಲ ಕಂಬದ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅಂದು ನಾನು ಬೇಕೆಂದೇ ಏನೂ ಬಳಿದುಕೊಂಡಿರಲಿಲ್ಲ. ತುಂಡುತೋಳಿನ ರವಿಕೆ ಹಾಕಿಕೊಂಡು ಹೋಗಿದ್ದೆ. ಅವರು ನನ್ನ ಮುಖಕ್ಕಿಂತ ಮೊದಲು ಕೈ ನೋಡಿದರು.

"ಅದು ಹಾಕಿಸ್ಕೊಂಡಿದ್ದೋ, ತೊಳೆದ್ರೆ ಹೋಗೋದೋ?" ಎಂದು ಕೇಳಿದರು.

"ಹಾಕಿಸ್ಕೊಂಡಿದ್ದು ಅಮ್ಮ. ಹೋಗಲ್ಲ."

"ಹಂಗಾದ್ರೆ ಆಗಲ್ಲ ಕಣಮ್ಮ. ಮುಂಬಾಗಿಲ ಕೆಲ್ಸಕ್ಕೆ ಟ್ಯಾಟೂ ಇರೋರ್ನ ನಾನು ತಗೊಳ್ಳಲ್ಲ."

ಇಷ್ಟು ಕಡೆ ಅಲೆದಿದ್ದ ನನಗೆ ನೇರವಾಗಿ ಮುಖಕ್ಕೆ ಹೇಳಿದವರು ಅವರೊಬ್ಬರೇ. ಸಿಟ್ಟು ಬರುವ ಬದಲು ನಿರಾಳವೆನಿಸಿತು. ಹೊರಡುವ ಬದಲು ಎದುರಿಗಿದ್ದ ಸ್ಟೂಲಿನ ಮೇಲೆ ಕೂತು, ಯಾಕೆ ಎಂದು ಕೇಳಿದೆ. ಅವರೂ ಬೇಸರಿಸಿಕೊಳ್ಳದೆ ಹೇಳಿದರು. ಅವರಿಗೆ ಟ್ಯಾಟೂ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಮದುವೆಗೆ ಬರುವವರಲ್ಲಿ ಅರ್ಧ ಜನ ಕೊಂಕು ಹುಡುಕಲಿಕ್ಕೇ ಬರುತ್ತಾರೆ. ಹಿಂದೊಮ್ಮೆ ಬಡಿಸುವವನೊಬ್ಬನ ಕೈ ಮೇಲೆ ತಲೆಬುರುಡೆ ಇತ್ತಂತೆ. ಅವನು ಪಾಯಸ ಹಾಕಲು ಬಗ್ಗಿದಾಗ ಹಿರಿಯರೊಬ್ಬರು ಎಲೆ ಬಿಟ್ಟು ಎದ್ದರು. ಶುಭಕಾರ್ಯದಲ್ಲಿ ಬುರುಡೆ ತೋರಿಸಿದರು ಎಂದು ಆ ನೆಂಟರು ಇಂದಿಗೂ ಆಡಿಕೊಳ್ಳುತ್ತಾರೆ. "ಯಾರಿಗೂ ಮಾತಾಡೋಕೆ ಅವಕಾಶ ಕೊಡ್ದಂಗೆ ಮದುವೆ ಮುಗಿಸಿ ಕಳಿಸೋದೇ ನನ್ನ ಕಸುಬು," ಎಂದರು.

ಅವರ ಮಾತಿನಲ್ಲಿ ಅರ್ಥವಿತ್ತು. ಆದರೆ ನನ್ನದು ಬುರುಡೆಯಲ್ಲ. ಅದನ್ನೇ ಹೇಳಿದೆ. ಬಸವನನ್ನು ಪೂಜಿಸುವ ಊರಿನಲ್ಲಿ ಬಸವನ ಮುಖ ನೋಡಿ ಯಾರು ಎಲೆ ಬಿಟ್ಟು ಏಳುತ್ತಾರೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಯಾವ ಬಸವ ಹೀಗೆ ಸಿಂಬಳ ನೆಕ್ಕುತ್ತಾನೆ ಎಂದು ಕೇಳಿದರು.

ಅಷ್ಟರಲ್ಲಿ ಅವರಿಗೊಂದು ಫೋನು ಬಂತು. ಆ ಕಡೆಯವರು ತೆಲುಗಿನವರು, ಹಿಂದೂಪುರದ ಕಡೆಯಿಂದ. ಒಡತಿಗೆ ತೆಲುಗು ಅಷ್ಟಕ್ಕಷ್ಟೆ. ಇವರೊಂದು ಹೇಳಿದರೆ ಅವರಿಗೆ ಇನ್ನೊಂದು ಕೇಳಿಸಿ, ಹಾಲ್ ಬೇಕೋ ಬೇಡವೋ ಎನ್ನುವುದೇ ತಿಳಿಯದಂತಾಯಿತು. ನಾನು ಕೈ ಚಾಚಿದೆ, ಅವರು ಫೋನು ಕೊಟ್ಟರು. ನಂದಗುಡಿ ಕಡೆ ಸಂತೆಯೂ ಸಂಬಂಧವೂ ಅರ್ಧ ತೆಲುಗಿನಲ್ಲೇ ನಡೆಯುವುದರಿಂದ ನನಗೆ ಅದು ಮನೆಮಾತಿನ ಹಾಗೆ. ಎರಡು ಕಡೆಯ ಅಜ್ಜಿಯರ ಮಂಡಿನೋವಿನವರೆಗೂ ಮಾತಾಡಿ, ಕೆಳಗಿನ ಹಾಲನ್ನೇ ಒಪ್ಪಿಸಿ ಫೋನ್ ಇಟ್ಟೆ. ಒಡತಿ ಫೋನು ವಾಪಸು ತೆಗೆದುಕೊಂಡು, ಒಂದೇ ಷರತ್ತು ಎಂದರು. ಈ ಬಾಗಿಲೊಳಗೆ ಇರುವಷ್ಟು ಹೊತ್ತು ತುಂಬುತೋಳು. ಅತ್ತೆ ಹೊಲಿಸಿದ್ದ ರವಿಕೆಗಳಿಗೆ ಕೆಲಸ ಬಂತು.

ಆ ಕೆಲಸ ನನಗೆ ಮೊದಲ ದಿನದಿಂದಲೇ ಹಿಡಿಸಿತು. ಗಂಡಿನ ಕಡೆಯವರು ರೂಮು ಸಾಲದು ಎನ್ನುತ್ತಾರೆ, ಹೆಣ್ಣಿನ ಕಡೆಯವರು ಕಾಫಿ ತಣ್ಣಗಾಯಿತು ಎನ್ನುತ್ತಾರೆ, ಓಲಗದವರಿಗೆ ತಿಂಡಿ ಸಿಕ್ಕಿಲ್ಲ, ಹೂವಿನವನು ಬಂದಿಲ್ಲ. ಇವೆಲ್ಲದರ ನಡುವೆ ಓಡಾಡುವುದೆಂದರೆ ನನಗೆ ಹಬ್ಬ. ತೊಂದರೆ ಒಂದೇ, ಸೆಕೆ. ಮದುವೆಗಳೆಲ್ಲ ಬೇಸಿಗೆಯಲ್ಲೇ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ರೇಷ್ಮೆ ತೋಳು ಕೈಗೆ ಅಂಟಿ ಹಿಂಡುವಂತಾಗುತ್ತಿತ್ತು. ಒಡತಿ ಅದನ್ನು ನೋಡಿ, ಒಂದು ಟೇಬಲ್ ಫ್ಯಾನ್ ತರಿಸಿ ನನ್ನ ಮೇಜಿನ ಮೇಲೆ ಇಡಿಸಿದರು. ಷರತ್ತು ಮಾತ್ರ ಸಡಿಲಿಸಲಿಲ್ಲ.

ಮೇ ತಿಂಗಳ ಒಂದು ಭಾನುವಾರದ ಮದುವೆ. ಹೆಣ್ಣಿನವರು ಇಲ್ಲೇ ಹತ್ತಿರದ ಮಧುರೆ ಕಡೆಯವರು, ಗಂಡಿನವರು ನೆಲಮಂಗಲದವರು. ಬೆಳಗಿನ ತಿಂಡಿ ನಡೆಯುತ್ತಿದ್ದಾಗ ಗಂಡಿನ ಅಕ್ಕ ನನ್ನ ಮೇಜಿನ ಹತ್ತಿರ ಬಂದು, ಅತ್ತಿತ್ತ ನೋಡಿ, ಒಂದು ನಿಮಿಷ ಒಳಗೆ ಬನ್ನಿ ಎಂದು ಕರೆದಳು. ಗಂಡಿನ ರೂಮಿನಲ್ಲಿ ಮದುಮಗ ಪಂಚೆಯುಟ್ಟು, ಶರ್ಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ. ಮುಹೂರ್ತಕ್ಕೆ ಶರ್ಟು ಹಾಕುವಂತಿಲ್ಲ, ಮೈಮೇಲೆ ಶಲ್ಯ ಮಾತ್ರ, ಅದು ಹೆಣ್ಣಿನ ಮನೆಯವರ ಪದ್ಧತಿ ಎಂದು ಪುರೋಹಿತರು ಆಗಷ್ಟೇ ಹೇಳಿಹೋಗಿದ್ದರಂತೆ. ಅಕ್ಕ ತಮ್ಮನ ಶರ್ಟು ಬಿಚ್ಚಿ ತೋರಿಸಿದಳು. ಎದೆಯ ಎಡಭಾಗದಿಂದ ಭುಜದವರೆಗೆ ಒಂದು ಸಿಂಹ, ಬಾಯಿ ತೆರೆದು, ಕೇಸರ ಹರಡಿಕೊಂಡು ನಿಂತಿತ್ತು.

ಹುಡುಗಿಗೆ ಗೊತ್ತು, ಅವಳಿಗೆ ಇಷ್ಟವೇ. ಗೊತ್ತಿಲ್ಲದಿದ್ದದ್ದು ಹುಡುಗಿಯ ತಾತನಿಗೆ. ಆ ಮನೆಯಲ್ಲಿ ತಾತನ ಮಾತೇ ಕೊನೆ. ಈ ಹಿಂದೆ ಬಂದಿದ್ದ ಒಳ್ಳೆಯ ಸಂಬಂಧವೊಂದನ್ನು, ಹುಡುಗನ ಕತ್ತಿನ ಮೇಲೆ ಏನೋ ಬರೆಸಿಕೊಂಡಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವರು ಬೇಡವೆಂದಿದ್ದರಂತೆ. ಅದು ಗೊತ್ತಾದ ಮೇಲೆ ಗಂಡಿನ ಮನೆಯವರು ಈ ಸಿಂಹವನ್ನು ಮದುವೆಯ ದಿನದವರೆಗೂ ಶರ್ಟಿನೊಳಗೇ ಇಟ್ಟಿದ್ದರು.

ಏನಾದರೂ ಬಳಿದು ಮುಚ್ಚಲು ಆಗುತ್ತದೆಯೇ, ಬ್ಯೂಟಿಷಿಯನ್ ಹೆಣ್ಣಿನ ಕಡೆಯವಳು, ಅವಳನ್ನು ಕೇಳುವಂತಿಲ್ಲ ಎಂದಳು ಅಕ್ಕ. ನಾನು ಹೋಗಿ ಬ್ಯಾಗು ತಂದೆ. ತೋಳು ಮೇಲಕ್ಕೆ ಮಡಚಿ ಕೆಲಸಕ್ಕೆ ಕೂತೆ. ಮದುಮಗ ನನ್ನ ಕೈ ನೋಡಿ, ಸಿಂಹಕ್ಕಿಂತ ಇದೇ ಚೆನ್ನಾಗಿದೆ ಎಂದ. ಪಾಪ, ಅಷ್ಟು ಹೆದರಿಕೆಯಲ್ಲೂ ಮರ್ಯಾದೆ ಬಿಟ್ಟಿರಲಿಲ್ಲ. ಇದು ಬೆವರಿಗೆ ನಿಲ್ಲುವುದಿಲ್ಲ, ಹೋಮದ ಮುಂದೆ ಕೂತರೆ ಎಷ್ಟು ಹೊತ್ತು ಇರುತ್ತದೋ ಹೇಳಲಾರೆ ಎಂದು ನಾನು ಮೊದಲೇ ಹೇಳಿದೆ. ತಾಳಿ ಕಟ್ಟುವವರೆಗೆ ನಿಂತರೆ ಸಾಕು ಎಂದಳು ಅಕ್ಕ. ಕಿತ್ತಳೆ ಲಿಪ್‌ಸ್ಟಿಕ್ ಪೂರ್ತಿ ಖಾಲಿಯಾಯಿತು. ಕೈಗಿಂತ ಎದೆ ದೊಡ್ಡದು, ಜೊತೆಗೆ ಕೇಸರ. ಕೊನೆಗೆ ಸಿಂಹ ಮಾಯವಾಗಿ, ಅಲ್ಲಿ ಗೋಡೆಗೆ ಹೊಸದಾಗಿ ಬಣ್ಣ ಬಳಿದಂಥ ಒಂದು ಜಾಗ ಉಳಿಯಿತು. ಮೇಲೆ ಶಲ್ಯ ಹೊದಿಸಿ ಕಳಿಸಿದೆವು.

ಧಾರೆಗೆ ಮುಂಚೆ ಒಂದು ಚಿಕ್ಕ ಹೋಮವಿತ್ತು. ಬೆಂಕಿಗೆ ಗಾಳಿ ಹೊಡೆಯುತ್ತದೆ ಎಂದು ಪುರೋಹಿತರು ವೇದಿಕೆಯ ಫ್ಯಾನುಗಳನ್ನು ನಿಲ್ಲಿಸಿದರು. ವಿಡಿಯೊದವರ ದೀಪಗಳು ಒಂದು ಕಡೆ, ಹೋಮದ ಉರಿ ಇನ್ನೊಂದು ಕಡೆ. ನಾನು ವೇದಿಕೆಯ ಪಕ್ಕದ ಪರದೆಯ ಹಿಂದೆ ಸ್ಪಂಜು ಹಿಡಿದು ನಿಂತಿದ್ದೆ. ಹೇಗಾದರೂ ಮಾಡಿ ಒಂದು ಸಲ ಒತ್ತಿಬರೋಣ ಎಂದು ಅಕ್ಕ ಪೇಚಾಡುತ್ತಿದ್ದಳು. ಆದರೆ ನೆಂಟರೆಲ್ಲ ನೋಡುತ್ತಿರುವಾಗ ಮದುಮಗನ ಎದೆ ಒರೆಸುವುದು ಹೇಗೆ? ಮೊದಲು ಶಲ್ಯದ ಅಂಚಿನಲ್ಲಿ ಒಂದು ಕಿವಿ ಕಂಡಿತು. ತುಪ್ಪ ಹಾಕಲು ಅವನು ಬಲಗೈ ಚಾಚಿದಾಗ ಶಲ್ಯ ಇನ್ನಷ್ಟು ಸರಿದು, ಬೆವರಿನಲ್ಲಿ ಒಂದು ಕಣ್ಣು ತೆರೆದುಕೊಂಡಿತು.

ಈಗಿನ ಮದುವೆಗಳಲ್ಲಿ ಹಿಂದೆ ಕೂತವರಿಗೂ ಕಾಣಲೆಂದು ದೊಡ್ಡ ಎಲ್‌ಇಡಿ ಪರದೆ ಹಾಕುತ್ತಾರೆ. ಕ್ಯಾಮೆರಾದವನಿಗೆ ಈ ಕತೆ ಏನೂ ಗೊತ್ತಿಲ್ಲ. ಮದುಮಗನ ಮುಖ ಹತ್ತಿರದಿಂದ ತೋರಿಸೋಣವೆಂದು ಅವನು ಜೂಮ್ ಮಾಡಿದ. ಮಂಟಪದ ಎರಡೂ ಬದಿಯ ಪರದೆಗಳಲ್ಲಿ, ಬಾಗಿಲಷ್ಟು ಅಗಲಕ್ಕೆ, ಒಂದು ಸಿಂಹ ಕಿತ್ತಳೆ ಮಂಜಿನಿಂದ ನಿಧಾನವಾಗಿ ಹೊರಗೆ ಬರತೊಡಗಿತು. ಊಟದ ಹಾಲಿನ ಕಡೆ ಹೊರಟಿದ್ದವರು ಕೂಡ ನಿಂತು ನೋಡಿದರು.

ತಾತ ಮುಂದಿನ ಸಾಲಿನಲ್ಲಿ ಕೂತಿದ್ದರು. ಪರದೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಎದ್ದು, ಯಾರ ಕೈಯನ್ನೂ ಹಿಡಿಯದೆ ವೇದಿಕೆ ಹತ್ತಿದರು. ಓಲಗದವರು ತಾವಾಗಿಯೇ ನಿಲ್ಲಿಸಿದರು. ಮದುಮಗಳು ತಲೆ ಎತ್ತಿ ತಾತನನ್ನೇ ನೋಡುತ್ತಿದ್ದಳು. ಒಡತಿ ಮುಂಬಾಗಿಲ ಕುರ್ಚಿಯಿಂದ ಎದ್ದು ಬಂದು ಸಾಲುಗಳ ನಡುವೆ ನಿಂತಿದ್ದು ನನಗೆ ಕಾಣಿಸಿತು. ತಾತ ಒಂದು ಬೆರಳಿನಿಂದ ಶಲ್ಯ ಸರಿಸಿ, ಸಿಂಹವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನೋವಾಗ್ಲಿಲ್ವೇನಪ್ಪಾ?" ಎಂದು ಕೇಳಿದರು.

"ಆಯ್ತು ತಾತ. ತುಂಬಾ ಆಯ್ತು," ಎಂದ ಮದುಮಗ.

"ಬಿಟ್ಟು ಎದ್ದು ಬರ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಅರ್ಧ ಸಿಂಹ ಇಟ್ಕೊಂಡು ಓಡಾಡೋಕಾಗಲ್ಲ ಅಂತ ಕೂತೆ."

ತಾತ ಪುರೋಹಿತರ ಕಡೆ ತಿರುಗಿದರು. "ನೀವು ನಡೆಸಿ ಸ್ವಾಮಿ, ಮುಹೂರ್ತ ಮೀರ್ತದೆ. ಇಷ್ಟು ತಡ್ಕೊಂಡೋನು ನನ್ನ ಮೊಮ್ಮಗಳ ಬಾಯ್ನೂ ತಡ್ಕೋತಾನೆ," ಎಂದರು. ಮೊದಲು ನಕ್ಕದ್ದು ಮದುಮಗಳೇ. ಆಮೇಲೆ ಇಡೀ ಮಂಟಪ.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಚಾವಾಗುತ್ತಿದ್ದೆ. ಇಳಿಯುವಾಗ ತಾತ ನಿಂತು, ಈ ಬಣ್ಣ ಬಳಿದವರು ಯಾರು ಎಂದು ಕೇಳಿದರು. ಅಕ್ಕ ನಾನು ನಿಂತಿದ್ದ ಪರದೆಯ ಕಡೆ ಕೈ ತೋರಿಸಿಬಿಟ್ಟಳು. ನಾನು ಸ್ಪಂಜು ಹಿಡಿದು, ತೋಳು ಮೊಣಕೈ ಮೇಲೆ ಮಡಚಿಕೊಂಡೇ ಹೊರಗೆ ಬಂದೆ. ಅವರು ನನ್ನ ಕೈಯನ್ನು ನೋಡಿದರು.

"ಅವ್ನಿಗೆಲ್ಲ ಬಳ್ದಿದ್ದೀಯ. ಇದಕ್ಕ್ಯಾಕಮ್ಮ ಬಳ್ಕೊಂಡಿಲ್ಲ?"

ಮೊದಲಿನದಕ್ಕಿಂತ ಜೋರಾಗಿ ನಗು ಎದ್ದಿತು. ನನ್ನ ಕಣ್ಣು ಒಡತಿಯನ್ನೇ ಹುಡುಕುತ್ತಿತ್ತು. ಅವರು ನಗಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದರು. ಕೆಲಸ ಹೋಯಿತು ಎಂದುಕೊಂಡೆ.

ಊಟದ ಪಂಕ್ತಿಯ ಹೊತ್ತಿಗೆ ತೋಳು ಇಳಿಸಿ ಪ್ರಯೋಜನವಿರಲಿಲ್ಲ, ಎಲ್ಲರೂ ನೋಡಿ ಆಗಿತ್ತು. ಇಳಿಸಿದರೂ ಜನ ಎತ್ತಿಸಿ ನೋಡುತ್ತಿದ್ದರು. ಯಾರ ಮನೆಯ ಹೋರಿ, ಎಷ್ಟು ಹಲ್ಲು, ಸುಳಿ ಎಲ್ಲಿತ್ತು ಎಂದು ಗಂಡಸರು ವಿಚಾರಿಸಿದರು. ಒಬ್ಬ ಹಿರಿಯರು ಬಹಳ ಗಂಭೀರವಾಗಿ, ಬರೆಸುವ ಮುಂಚೆ ಉಪ್ಪು ನೆಕ್ಕಿಸಿದ್ದಿರಾ ಎಂದು ಕೇಳಿದರು. ಮದುಮಗನ ಗೆಳೆಯರು ಸಾಲಾಗಿ ನಿಂತು ಸಿಂಹದ ಜೊತೆ ಸೆಲ್ಫಿ ತೆಗೆಸಿಕೊಂಡರು. ಯಾರೂ ಎಲೆ ಬಿಟ್ಟು ಏಳಲಿಲ್ಲ. ಹೋಳಿಗೆ ಸಾಲದೆ ಅಡುಗೆಯವರು ಇನ್ನೊಂದು ಸಲ ಹಿಟ್ಟು ಕಲಸಿದರು.

ಎಲ್ಲರೂ ಹೋದ ಮೇಲೆ ಕೊನೆಯ ಪಂಕ್ತಿಯಲ್ಲಿ ಒಡತಿ ಮತ್ತು ನಾನು ಎದುರುಬದುರು ಊಟಕ್ಕೆ ಕೂತೆವು. ಅದು ಅಲ್ಲಿನ ರೂಢಿ. ಅವರು ಪಲ್ಯ ಮುಗಿಸಿ, ಅನ್ನಕ್ಕೆ ಸಾರು ಕಲಸಿಕೊಂಡರು. ನಾನೇ, ನನ್ನಿಂದ ತಪ್ಪಾಗಿದ್ದರೆ ಹೇಳಿಬಿಡಿ ಅಮ್ಮ ಎಂದೆ.

"ತೋಳು ಇನ್ಮೇಲೆ ನಿನ್ನಿಷ್ಟ," ಎಂದರು. "ಆದ್ರೆ ಯಾರಾದ್ರೂ ಬಂದು ಕೇಳಿದ್ರೆ ನಾನು ನಿನ್ನ ಪರ ಮಾತಾಡಲ್ಲ. ನೀನೇ ಮಾತಾಡ್ಕೊ."

ನನಗೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಅವರ ಭಯ ಸುಳ್ಳಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಎರಡು ತಿಂಗಳ ನಂತರ ಹಾಲ್ ನೋಡಲು ಬಂದ ಒಂದು ಕುಟುಂಬದ ಹಿರಿಯ ಹೆಂಗಸು ನನ್ನ ಕೈ ನೋಡಿ ಮುಖ ಗಂಟಿಕ್ಕಿದರು. ನಾನು ನಗುತ್ತಾ ಹೋರಿಯ ಕತೆ ಹೇಳಿದೆ, ಅವರು ನಗಲಿಲ್ಲ. ಇಂಥವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸುವ ಕಡೆ ನಮಗೆ ಬೇಡ ಎಂದು ಹೊರಟುಹೋದರು. ಒಳ್ಳೆಯ ಪಾರ್ಟಿ ಅದು. ಒಡತಿ ಆ ಸಂಜೆ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮರುದಿನ ನಾನು ತುಂಬುತೋಳು ಹಾಕಿಕೊಂಡು ಹೋದೆ. ಅವರು ನೋಡಿ, ಇದೇನು ಎಂದು ಕೇಳಿದರು. ನಿನ್ನೆಯದು ನನ್ನಿಂದಲೇ ಆಯಿತಲ್ಲ ಎಂದೆ. "ಹೋದೋರು ಹೋದ್ರು ಬಿಡು. ಅವ್ರು ಲಿಫ್ಟು ಚಿಕ್ಕದಾಯ್ತು ಅಂತ್ಲೂ ಅಂದ್ರು. ಲಿಫ್ಟ್ ಕಿತ್ತಾಕಕ್ಕಾಗುತ್ತಾ?" ಎಂದರು.

ಅದಾದ ಮೇಲೆ ಕೆಲಸಕ್ಕೆ ಜನ ತೆಗೆದುಕೊಳ್ಳುವುದನ್ನೂ ಅವರು ನನಗೇ ಬಿಟ್ಟರು. ಮೇಜಿನ ಆ ಬದಿಯಲ್ಲಿ ಕೂತಿದ್ದವಳು ಈಗ ಈ ಬದಿಗೆ ಬಂದೆ. ಟ್ಯಾಟೂ ಇದ್ದರೂ ಸರಿಯೇ, ನನ್ನ ಕಾಲದಲ್ಲಿ ಯಾರನ್ನೂ ಚರ್ಮ ನೋಡಿ ಕಳಿಸುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದೆ. ಬಡಿಸಲು ಬಂದ ಹುಡುಗರ ಕೈಗಳ ಮೇಲೆ ಅಮ್ಮ, ಅಪ್ಪ, ತ್ರಿಶೂಲ, ಗುಲಾಬಿ ಏನೇನೋ ಇದ್ದವು. ಎಲ್ಲರನ್ನೂ ತೆಗೆದುಕೊಂಡೆ. ಹೀಗಿರುವಾಗ ಪಾರ್ಕಿಂಗ್ ನೋಡಿಕೊಳ್ಳುವ ಕೆಲಸಕ್ಕೆ ಒಬ್ಬ ಬಂದ. ಹೊಸಕೋಟೆಯವನು, ನಲವತ್ತರ ಹತ್ತಿರದ ವಯಸ್ಸು, ಹಿಂದೆ ಲಾರಿ ಓಡಿಸುತ್ತಿದ್ದ. ಅವನ ಬಲಗೈ ಮೇಲೆ ಒಂದು ಲಾಂಗು, ಅದೇ ಉದ್ದನೆಯ ಮಚ್ಚು, ಹಿಡಿ ಸಮೇತ, ತುದಿಯಲ್ಲಿ ಕೆಂಪು ಹನಿಗಳೊಂದಿಗೆ.

ಇವನನ್ನು ಗೇಟಿನಲ್ಲಿ ನಿಲ್ಲಿಸಿದರೆ ಮಕ್ಕಳನ್ನು ಎತ್ತಿಕೊಂಡು ಬರುವವರು ಏನೆಂದುಕೊಂಡಾರು? ಯಾರಿಗಾದರೂ ಹೆದರಿಕೆಯಾದರೆ? ನೋಡನೋಡುತ್ತಿದ್ದಂತೆ ಒಡತಿಯ ಹಳೆಯ ಮಾತುಗಳೆಲ್ಲ ನನ್ನ ಬಾಯಿಗೇ ಬಂದಿದ್ದವು. ಆ ಶಾಲೆಯವರ ಹಾಗೆ ತಿಳಿಸುತ್ತೇವೆ ಎಂದು ಕಳಿಸಲು ಮನಸ್ಸಾಗಲಿಲ್ಲ. ನೇರವಾಗಿ, ಇದು ಯಾಕೆ ಎಂದು ಕೇಳಿದೆ. ಅವನು ನಾಚಿಕೊಂಡ. ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯರೆಲ್ಲ ಹಾಕಿಸಿಕೊಂಡರು, ತಾನೂ ಹಾಕಿಸಿಕೊಂಡೆ, ಮನೆಯಲ್ಲಿ ತೆಂಗಿನಕಾಯಿ ಸುಲಿಯಲೂ ಹೆಂಡತಿ ತನ್ನ ಕೈಗೆ ಮಚ್ಚು ಕೊಡುವುದಿಲ್ಲ ಎಂದ. ತುಂಬುತೋಳಿನ ಶರ್ಟು ಹಾಕಿಕೊಂಡೇ ಬರ್ತೀನಿ ಮೇಡಂ ಎಂದೂ ಸೇರಿಸಿದ. ಆ ಮಾತು ನನಗೆ ಸ್ವಲ್ಪ ಚುಚ್ಚಿತು.

ಬುರುಡೆ, ಮಚ್ಚು, ಬೈಗುಳ ಇಂಥವನ್ನು ಎದುರಿಗೆ ನಿಲ್ಲಿಸಿದರೆ ಬಂದವರಿಗೆ ಹಿತವಾಗುವುದಿಲ್ಲ. ಅದನ್ನು ಕೆಲಸ ಕೊಡುವವರು ಯೋಚಿಸುವುದು ತಪ್ಪಲ್ಲ. ಹಾಗೆಂದು, ಇಪ್ಪತ್ತರಲ್ಲಿ ಬರೆಸಿಕೊಂಡಿದ್ದಕ್ಕೆ ನಲವತ್ತರವರೆಗೂ ಒಬ್ಬನ ಅನ್ನ ತಪ್ಪಿಸುವುದೂ ಸರಿಯಲ್ಲ. ಅಂದು ನನಗೆ ಇವೆರಡೂ ಒಟ್ಟಿಗೇ ನಿಜವೆನಿಸಿದವು, ಇಂದಿಗೂ ಹಾಗೆಯೇ ಅನಿಸುತ್ತದೆ. ಅವನನ್ನು ಕೂರಿಸಿ, ಒಡತಿಯನ್ನೇ ಕೇಳಲು ಹೋದೆ.

ಅವರು ದೂರದಿಂದಲೇ ಅವನನ್ನು ನೋಡಿದರು. ಕೈ ಕಂಡಿತು. ಬೇಡವೆನ್ನುತ್ತಾರೆ, ನಾನು ಅವನ ಪರ ವಾದಿಸಬೇಕಾಗುತ್ತದೆ ಎಂದು ಸಿದ್ಧಳಾಗಿದ್ದೆ.

"ಪಾರ್ಕಿಂಗ್‌ಗೆ ತಾನೆ? ತಗೊ," ಎಂದರು. "ತೋಳು ಮುಚ್ಕೊಬೇಡ ಅಂತ ಹೇಳು. ಅದನ್ನ ನೋಡಿದ್ರೇನೇ ಈ ಜನ ಗೇಟಿಗೆ ಅಡ್ಡ ಗಾಡಿ ನಿಲ್ಸಲ್ಲ."

ಅವನು ಮುಂದಿನ ಮದುವೆಯಿಂದಲೇ ಬಂದ. ಅವನಷ್ಟು ಮೆತ್ತಗಿನ ಮನುಷ್ಯನನ್ನು ನಾನು ಆ ಮಂಟಪದಲ್ಲಿ ಕಂಡಿಲ್ಲ. ಕತ್ತಿಗೆ ಸೀಟಿ ತೂಗುಹಾಕಿಕೊಂಡು, ಎರಡೂ ಕೈಯಾಡಿಸುತ್ತಾ, ಅಣ್ಣ ಸ್ವಲ್ಪ ಹಿಂದೆ, ಗುರು ಇನ್ನೊಂಚೂರು ಎಡಕ್ಕೆ ಎಂದು ಎಲ್ಲರನ್ನೂ ಬೇಡಿಕೊಳ್ಳುತ್ತಾನೆ. ಆದರೆ ಕೈ ಮೇಲಿನ ಲಾಂಗು ಕಂಡವರಿಗೆ ಅದು ಬೇಡಿಕೊಂಡಂತೆ ಅನ್ನಿಸುವುದಿಲ್ಲ. ಮೊನ್ನೆ ಕಪ್ಪು ಕಾರಿನಲ್ಲಿ ಬಂದವರೊಬ್ಬರು ಗಾಜು ಇಳಿಸಿ, ನಾನು ಯಾರು ಗೊತ್ತಾ ಎಂದು ಶುರುಮಾಡಿ, ಅವನ ಕೈ ನೋಡಿ, ಎಲ್ಲಿ ನಿಲ್ಲಿಸಬೇಕು ಸಾರ್ ಎಂದು ಕೇಳಿದರು. ಅವನು ಬೇವಿನ ಮರದ ನೆರಳು ತೋರಿಸಿ, ಅವರ ಮನೆಯ ವಯಸ್ಸಾದ ತಾಯಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದು ನನ್ನ ಮೇಜಿನ ಮುಂದೆ ಕೂರಿಸಿದ. ಆಕೆ ಉಸಿರು ಸುಧಾರಿಸಿಕೊಂಡು, ಅವನ ಲಾಂಗನ್ನೂ ನನ್ನ ಹೋರಿಯನ್ನೂ ನೋಡಿ, ನನ್ನನ್ನು ಕೇಳಿದ್ದು ಒಂದೇ ಮಾತು, ಕಾಫಿ ಎಲ್ಲಿ ಕೊಡುತ್ತಾರೆ ಎಂದು.